ಕೇಳಿದರೆ ಮಾತ್ರ ಹೇಳುವ ಕೆಂಪಣ್ಣ

ಕುಶಾಲನಗರದ ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ನಾನು ಕ್ರಯಪತ್ರ ಬರೆಯುತ್ತಿದ್ದೇನೆ. ಊರಿನವರಿಗೆ ನಾನು ರೈಟ್ರು. ನಮ್ಮ ಜಿಲ್ಲೆಯಲ್ಲಿ ರೈಟರ್ ಎಂದರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವವನು ಎಂದೇ ಮೊದಲು ಅರ್ಥವಾಗುವುದರಿಂದ, ಹೊಸಬರು ಯಾವ ಎಸ್ಟೇಟು ಎಂದು ಕೇಳುವುದುಂಟು. ಎಸ್ಟೇಟೂ ಇಲ್ಲ, ಏನೂ ಇಲ್ಲ. ಒಂದು ಮೇಜು, ಒಂದು ಕಂಪ್ಯೂಟರು, ಮಳೆ ಜೋರಾದರೆ ಸೋರುವ ಒಂದು ಶೀಟು. ಈ ಮೇಜಿನ ಮುಂದೆ ಕೂತು ಎದ್ದುಹೋದ ಸಾವಿರಾರು ಜನರಲ್ಲಿ ನನಗೆ ನಾಚಿಕೆ ಅಂದರೇನು ಎಂದು ತೋರಿಸಿದವನು ಒಬ್ಬನೇ. ಅವನು ಕೆಂಪಣ್ಣ.

ಕೆಂಪಣ್ಣನ ತಂದೆ ಅರಕಲಗೂಡಿನ ಕಡೆಯಿಂದ ಬಂದು ಕಾವೇರಿಯ ಈಚೆ ದಡದಲ್ಲಿ ಮೂರೂವರೆ ಎಕರೆ ಗದ್ದೆ ಮಾಡಿದವರು. ಮಗ ಅದೇ ಗದ್ದೆಯಲ್ಲಿ ಮೂವತ್ತು ವರ್ಷ ಭತ್ತ ಬೆಳೆದ, ಆಮೇಲೆ ಎಲ್ಲರಂತೆ ಶುಂಠಿ ಹಾಕಿದ. ಎರಡು ವರ್ಷ ಒಳ್ಳೆಯ ದುಡ್ಡು ಕಂಡ, ಮೂರನೆಯ ವರ್ಷ ಕೊಳೆರೋಗ ಕಂಡ. ಅಷ್ಟರಲ್ಲಿ ಊರು ಬಸ್‌ಸ್ಟ್ಯಾಂಡಿನಿಂದ ನಾಲ್ಕೂ ಕಡೆಗೆ ಕೈಕಾಲು ಚಾಚುತ್ತಿತ್ತು. ಲೋಕೇಶ್ ಎಂಬ ಲೇಔಟ್ ಮಾಡುವವನು ಬಂದು ಅಕ್ಕಪಕ್ಕದವರ ಗದ್ದೆಗಳ ಜೊತೆ ಇದನ್ನೂ ಕೊಂಡುಕೊಂಡ. ಬಂದ ಹಣ ಮಗಳು ಹರ್ಷಿತಾಳ ಮದುವೆಗೆ ಹೋಯಿತು. ಕೆಂಪಣ್ಣನಿಗೂ ಅವನ ಹೆಂಡತಿ ಕಾಮಾಕ್ಷಮ್ಮನಿಗೂ ಉಳಿದದ್ದು ಲೇಔಟಿನ ತುದಿಯಲ್ಲಿದ್ದ ಹಂಚಿನ ಮನೆ.

ಗದ್ದೆ ಹೋದರೂ ಅವನ ಕಾಲಿಗೆ ಗದ್ದೆಯ ಅಭ್ಯಾಸ ಹೋಗಲಿಲ್ಲ. ದಿನಾ ಬೆಳಗ್ಗೆ ಲೇಔಟಿನೊಳಗೆ ಒಂದು ಸುತ್ತು ಬರುತ್ತಿದ್ದ. ಹಿಂದೆ ಬದು ಇದ್ದ ಕಡೆಯಲ್ಲೆಲ್ಲ, ಈಗ ಬದು ಇಲ್ಲದಿದ್ದರೂ, ಕಾಲು ಎತ್ತಿ ದಾಟುತ್ತಿದ್ದ. ಸೈಟ್ ನೋಡಲು ಬಂದವರು ಇವನನ್ನೇ ದಾರಿ ಕೇಳುತ್ತಿದ್ದರು. ಇವನೋ ಟೇಪು ಬೇಡವೇ ಬೇಡ ಎಂದು ಹೆಜ್ಜೆ ಹಾಕಿ ಮೂವತ್ತು ನಲವತ್ತು ಅಳೆದು ಮೂಲೆಯಲ್ಲಿ ನಿಲ್ಲುತ್ತಿದ್ದ. ಆಮೇಲೆ ಟೇಪು ಹಿಡಿದರೆ ಅರ್ಧ ಅಡಿಗೂ ವ್ಯತ್ಯಾಸ ಬರುತ್ತಿರಲಿಲ್ಲ. ಇದನ್ನು ನೋಡಿದ ಲೋಕೇಶ್ ಅವನನ್ನು ಸೈಟ್ ತೋರಿಸುವ ಕೆಲಸಕ್ಕೆ ಹಾಕಿಕೊಂಡ.

ಈ ಕೆಲಸದಲ್ಲಿ ಕೆಂಪಣ್ಣನಿಗೆ ಒಂದು ನೀತಿ ಇತ್ತು. "ಕೇಳಿದ್ದಕ್ಕೆ ಸುಳ್ಳು ಹೇಳಕ್ಕಿಲ್ಲ ರೈಟ್ರೇ. ಕೇಳ್ದೆ ಇದ್ದಿದ್ದಕ್ಕೆ ಬಾಯಿ ಹಾಕಕ್ಕಿಲ್ಲ" ಎನ್ನುತ್ತಿದ್ದ. ಬ್ರೋಕರುಗಳ ಲೋಕದಲ್ಲಿ ಇಷ್ಟು ಪ್ರಾಮಾಣಿಕತೆ ಇದ್ದರೆ ದೇವರ ಪಕ್ಕದಲ್ಲೇ ಫೋಟೋ ಇಡಬಹುದು. ನನ್ನ ನೀತಿಯೂ ಬೇರೆಯೇನಲ್ಲ. ನಾನು ಬರೆಯುವವನು, ಹೇಳುವವನಲ್ಲ. ಈ ಒಂದು ವಾಕ್ಯವನ್ನು ಹಾಸಿ ಹೊದ್ದುಕೊಂಡು ನಾನು ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದೇನೆ.

2018ರ ಆಗಸ್ಟಿನಲ್ಲಿ ಹೊಳೆ ಲೇಔಟಿನೊಳಗೆ ಬಂತು. ಮರುವರ್ಷ ಮತ್ತೆ ಬಂತು, ಇನ್ನೂ ಎತ್ತರಕ್ಕೆ. ಕೆಂಪಣ್ಣನ ಮನೆಯ ಗೋಡೆಯ ಮೇಲೆ ಎದೆಮಟ್ಟಕ್ಕೆ ಒಂದು ಕೆಸರಿನ ಗೆರೆ ಉಳಿಯಿತು. ಎರಡು ಸಲ ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಅದು ಮತ್ತೆ ಮೂಡುತ್ತದೆ. ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದು ಬಂದ ಕಾಮಾಕ್ಷಮ್ಮ ಅಂದಿನಿಂದ ಒಂದೇ ಮಾತು ಹಿಡಿದರು: "ನನ್ನ ಏರಿನ ಮೇಲೆ ಕರ್ಕೊಂಡೋಗಿ. ಒಂದು ಕೋಣೆ ಆದ್ರೂ ಸರಿ, ನೀರು ಬರ್ದೇ ಇರೋ ಕಡೆ." ಕೆಂಪಣ್ಣ ಅದನ್ನು ಮನಸ್ಸಿಗೆ ಹಾಕಿಕೊಂಡ. ಊರಿನ ಮೇಲ್ಭಾಗದ ಏರಿನಲ್ಲಿ ಪರಿಚಯದವರೊಬ್ಬರ ಪುಟ್ಟ ಜಾಗಕ್ಕೆ ಮುಂಗಡ ಕೊಟ್ಟು ಕರಾರು ಮಾಡಿಕೊಂಡ. ಆ ಕರಾರುಪತ್ರ ಬರೆದವನೂ ನಾನೇ. ಉಳಿದ ಹಣವನ್ನು 2021ರ ದೀಪಾವಳಿಯೊಳಗೆ ಕೊಡಬೇಕು, ಇಲ್ಲವಾದರೆ ಕರಾರು ರದ್ದು.

ಆ ಹಣ ಬರಬೇಕಾಗಿದ್ದದ್ದು ಲೋಕೇಶನಿಂದ. ಲೇಔಟಿನ ಹೊಳೆ ಕಡೆಯ ಹತ್ತು ಸೈಟುಗಳು ಎರಡು ವರ್ಷದಿಂದ ಹೋಗದೆ ಕೂತಿದ್ದವು. ಹತ್ತನ್ನೂ ದಾಟಿಸಿದರೆ ಒಟ್ಟಿಗೆ ಇಷ್ಟು ಕಮಿಷನ್ ಎಂದು ಅವನು ಮಾತು ಕೊಟ್ಟಿದ್ದ. ಬಿಡಿಬಿಡಿಯಾಗಿ ಕೊಡುವುದಿಲ್ಲ, ಹತ್ತೂ ಹೋದ ಮೇಲೆ.

ಹೀಗಿರುವಾಗ ಕೊರೋನಾ ಬಂತು. ಮೊದಲ ಲಾಕ್‌ಡೌನಿನಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿ ಹಲ್ಲಿ ಸಂಸಾರ ಹೂಡಿತು. ಇನ್ನು ಜಾಗ ಕೊಳ್ಳುವವರು ಯಾರು, ಬೆಲೆ ನೆಲಕ್ಕೆ ಬಿತ್ತು, ಲೋಕೇಶ್ ಮುಳುಗಿದ ಎಂದೆಲ್ಲ ಜನ ಮಾತಾಡಿಕೊಂಡರು. ಆದದ್ದೇ ಬೇರೆ. ಮಳೆಗಾಲ ಕಳೆಯುತ್ತಿದ್ದ ಹಾಗೆ ಬೆಂಗಳೂರಿನಿಂದ, ಮೈಸೂರಿನಿಂದ ಫೋನು ಬರತೊಡಗಿದವು. ಮನೆಯಲ್ಲೇ ಕೂತು ಕೂತು ಅವರಿಗೆ ಮನೆ ಸಾಕಾಗಿತ್ತು, ಆದರೆ ಆಸೆ ಮಾತ್ರ ಇನ್ನೊಂದು ಮನೆಯದ್ದೇ. ಬ್ಯಾಂಕಿನ ಬಡ್ಡಿ ಇಳಿದಿದೆ, ಷೇರು ನಂಬುವ ಹಾಗಿಲ್ಲ, ಚಿನ್ನ ಏರಿ ಕೂತಿದೆ. ಮಣ್ಣಾದರೆ ಎಲ್ಲಿಗೂ ಓಡಿಹೋಗಲ್ಲ ಅಲ್ವಾ ಎಂದು ನನ್ನನ್ನೇ ಕೇಳಿದವರಿದ್ದಾರೆ. 2018ರಲ್ಲಿ ಮಡಿಕೇರಿಯ ಸುತ್ತ ಮಣ್ಣು ಮನೆ ಸಮೇತ ಓಡಿಹೋದದ್ದನ್ನು ಕಂಡ ಜಿಲ್ಲೆಯಲ್ಲಿ ಕೂತು ನಾನು "ಹೌದು ಸಾರ್" ಎಂದಿದ್ದೇನೆ.

ಸೈಟ್ ನೋಡಲೆಂದು ಯಾರೂ ಖುದ್ದಾಗಿ ಬರುತ್ತಿರಲಿಲ್ಲ. ಕೆಂಪಣ್ಣ ಫೋನಿನಲ್ಲಿ ವಿಡಿಯೋ ಮಾಡಿ ಸೈಟ್ ತೋರಿಸುವುದನ್ನು ಕಲಿತ. ಮೊದಮೊದಲು ಗಿರಾಕಿಗೆ ಬರೀ ಅವನ ಹೆಬ್ಬೆರಳು ಕಾಣುತ್ತಿತ್ತು. ಮಾತು ಕೇಳಿಸದಿದ್ದರೆ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದ, ಆಗ ಬೆಂಗಳೂರಿನ ಇಂಜಿನಿಯರ್ ಒಬ್ಬರು ಅವನ ಕಿವಿಯ ಒಳಭಾಗವನ್ನು ವಿವರವಾಗಿ ನೋಡಿದರಂತೆ. ಕ್ರಮೇಣ ಪಳಗಿದ. ಅವರು ಕೇಳುತ್ತಿದ್ದದ್ದು ನೆಟ್‌ವರ್ಕ್ ಸಿಗುತ್ತಾ, ರಸ್ತೆ ಎಷ್ಟು ಅಡಿ, ಐದು ವರ್ಷದಲ್ಲಿ ಬೆಲೆ ಎಷ್ಟಾಗಬಹುದು, ಇಷ್ಟೇ. ಹೊಳೆ ನೀರು ಒಳಗೆ ಬರುತ್ತಾ ಎಂದು ಯಾರಾದರೂ ಕೇಳಿದ್ದರೆ ಅವರು ಕೇಳಿದ್ದು ಲೋಕೇಶನನ್ನು. ಲೋಕೇಶನ ಉತ್ತರ ರೆಡಿ ಇರುತ್ತಿತ್ತು: "ಅದು ಆ ಕಡೆ ಲೇಔಟ್‌ಗಳು ಸಾರ್. ನಮ್ದು ಸೇಫ್."

ಒಂಬತ್ತು ಸೈಟು ಹೋದವು. ಒಂಬತ್ತರ ಪತ್ರವನ್ನೂ ನಾನೇ ಬರೆದೆ. ಒಮ್ಮೆ ಚಹಾ ಕುಡಿಯುವಾಗ ಕೆಂಪಣ್ಣ ತನ್ನಷ್ಟಕ್ಕೆ ತಾನೇ ಹೇಳಿಕೊಂಡ ಹಾಗೆ ಹೇಳಿದ: "ಅವ್ರು ಇರಕ್ಕೆ ತಗೋತಿಲ್ಲ ರೈಟ್ರೇ, ಇಡಕ್ಕೆ ತಗೋತಾವ್ರೆ. ಇಟ್ಟ ಕಡೆ ನೀರು ಬಂದ್ರೂ ಅವ್ರ ಕಾಲು ನೆನೆಯಕ್ಕಿಲ್ಲ."

ನಾನು ಅದಕ್ಕೆ ತಲೆಯಾಡಿಸಿದೆ. ಅವನ ಲೆಕ್ಕ ನನಗೆ ಒಪ್ಪಿಗೆಯಾಗಿತ್ತು, ಏಕೆಂದರೆ ಅದು ನನಗೂ ಅನುಕೂಲವಾಗಿತ್ತು.

ಹತ್ತನೆಯದು ಸೈಟ್ ನಂಬರ್ ಇಪ್ಪತ್ತೇಳು. 2021ರ ಫೆಬ್ರವರಿಯಲ್ಲಿ ಅದನ್ನು ನೋಡಲು ಫೋನು ಮಾಡಿದವರು ಮಡಿಕೇರಿಯ ಚಿದಂಬರ ಭಟ್ಟರು. ದೇವಸ್ಥಾನವೊಂದರಲ್ಲಿ ಪೂಜೆಗೆ ಇದ್ದವರು, ಕೇಳಿದವರಿಗೆ ವಾಸ್ತು ಹೇಳುವವರು. ಅವರ ಹೆಂಡತಿ ನರ್ಮದಾ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಹಿಂದಿನ ವರ್ಷ ನಿವೃತ್ತರಾಗಿದ್ದರು. ಅವರಿದ್ದ ಬಾಡಿಗೆ ಮನೆಯ ಹಿಂದೆಯೇ ಬರೆ, ಅಂದರೆ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. 2018ರಲ್ಲಿ ಅದು ಜಾರಿ ಅಡುಗೆಮನೆಯ ಬಾಗಿಲವರೆಗೆ ಬಂದಿತ್ತು. ಅಲ್ಲಿಂದ ಮುಂದೆ ಮಳೆ ಜೋರಾದ ರಾತ್ರಿಗಳಲ್ಲಿ ಆ ಮನೆಯವರು ಮುಂದಿನ ಕೋಣೆಯಲ್ಲಿ ಕೂತೇ ಬೆಳಗು ಮಾಡುತ್ತಿದ್ದರು. ನಿವೃತ್ತಿಯ ಹಣವಷ್ಟನ್ನೂ ಹಾಕಿ ಬಯಲಿನಲ್ಲಿ, ಗುಡ್ಡದ ಸುಳಿವಿಲ್ಲದ ಕಡೆ ಒಂದು ಸೈಟು ಕೊಳ್ಳಬೇಕು, ಸಣ್ಣದೊಂದು ಮನೆ ಕಟ್ಟಿಕೊಂಡು ಇರಬೇಕು. ಮಗಳು ತನ್ಮಯೀ ಸೋಮವಾರಪೇಟೆಯಲ್ಲಿ ಟೀಚರು, ಅವಳಿಗೂ ಅಲ್ಲಿಂದ ಬಸ್ಸು ಸುಲಭ. ಇದು ಅವರ ಆಸೆ.

ಮಡಿಕೇರಿಯವರಿಗೆ ಭಯ ಬರುವುದು ಬೆನ್ನ ಹಿಂದಿನಿಂದ. ಭಟ್ಟರು ಕೇಳಿದ ಮೊದಲ ಪ್ರಶ್ನೆ, "ಹಿಂದುಗಡೆ ಬರೆ ಇದೆಯಾ?"

"ಎರಡು ಮೈಲಿಗೂ ಬರೆ ಇಲ್ಲ ಸ್ವಾಮಿ" ಎಂದ ಕೆಂಪಣ್ಣ.

"ನೀರು ಯಾವ ಕಡೆಗಿದೆ?"

"ಈಶಾನ್ಯಕ್ಕೆ. ಹೊಳೆ ಅಲ್ಲಿ ತಿರುಗ್ತೈತೆ."

"ನೆಲದ ಇಳಿಜಾರು?"

"ಅದೂ ಈಶಾನ್ಯಕ್ಕೇ."

ಭಟ್ಟರು ಫೋನಿನಲ್ಲೇ ಹೆಂಡತಿಯನ್ನು ಕರೆದು ಹೇಳಿದ್ದು ಕೆಂಪಣ್ಣನಿಗೆ ಕೇಳಿಸಿತಂತೆ: "ಈಶಾನ್ಯಕ್ಕೆ ನೀರು, ಈಶಾನ್ಯಕ್ಕೇ ಇಳಿಜಾರು. ದೀಪ ಹಚ್ಚಿ ಹುಡುಕಿದರೂ ಇಂಥ ಜಾಗ ಸಿಗುವುದಿಲ್ಲ ಕಣೇ." ವಾಸ್ತುಶಾಸ್ತ್ರದ ಪುಸ್ತಕದಲ್ಲಿ ಅದು ಐಶ್ವರ್ಯದ ಲಕ್ಷಣ. ಹೊಳೆಗೂ ಅದೇ ದಾರಿ ಎಂದು ಪುಸ್ತಕದಲ್ಲಿ ಇಲ್ಲ. ಕೆಂಪಣ್ಣ ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಿದ್ದ, ಒಂದಕ್ಷರ ಸುಳ್ಳಿರಲಿಲ್ಲ. ಮುಂಗಡ ಬಂತು.

ಮೇ ತಿಂಗಳಲ್ಲಿ ಭಟ್ಟರು ತೀರಿಕೊಂಡರು. ಎರಡನೆಯ ಅಲೆಯಲ್ಲಿ ಹೋದ ಎಷ್ಟೋ ಜನರ ಹಾಗೆ, ಆರು ದಿನದ ಜ್ವರ. ಎಷ್ಟೋ ಜನರ ಗೃಹಪ್ರವೇಶ ಮಾಡಿಸಿದವರ ಅಂತ್ಯಕ್ರಿಯೆಗೆ ನಾಲ್ಕು ಜನ ಇದ್ದರಂತೆ. ಇನ್ನು ಸೈಟಿನ ಮಾತು ಮುಗಿಯಿತು ಎಂದು ನಾವು ಅಂದುಕೊಂಡೆವು. ಆದರೆ ಜೂನ್ ಕೊನೆಯಲ್ಲಿ ನರ್ಮದಾ ಅವರೇ ಫೋನು ಮಾಡಿದರು. ನಮ್ಮವರು ಒಪ್ಪಿದ ಜಾಗ, ಅವರು ಕೊನೆಯದಾಗಿ ಸಂತೋಷಪಟ್ಟದ್ದೂ ಅದರ ಬಗ್ಗೆಯೇ, ಆದ್ದರಿಂದ ಅದನ್ನೇ ಕೊಳ್ಳುತ್ತೇನೆ, ಆಷಾಢ ಕಳೆದು ಶ್ರಾವಣ ಬರಲಿ, ಪತ್ರ ಮಾಡಿಸಿಬಿಡೋಣ ಎಂದರು.

ಆ ಆಷಾಢದಲ್ಲಿ ಕೆಂಪಣ್ಣ ನನ್ನ ಮೇಜಿನ ಬಳಿಗೆ ಮೂರು ಸಲ ಬಂದು ಸುಮ್ಮನೆ ಕೂತು ಹೋದ. ನಾಲ್ಕನೆಯ ಸಲ ಬಾಯಿ ಬಿಟ್ಟ.

"ಆಯಮ್ಮ ಇರಕ್ಕೆ ಬತ್ತಾವ್ರೆ ರೈಟ್ರೇ. ಇಡಕ್ಕಲ್ಲ."

"ಅವರೇನಾದರೂ ನಿನ್ನ ಕೇಳಿದ್ರಾ?" ಎಂದೆ.

"ಇಲ್ಲ."

"ಮತ್ತೆ? ನಿನ್ನ ಕರಾರಿನ ಗಡುವು ದೀಪಾವಳಿ. ಅದನ್ನ ನೆನಪಿಟ್ಟುಕೋ."

ಅವನ ಮಾತಿನಿಂದಲೇ ಅವನ ಬಾಯಿ ಮುಚ್ಚಿಸಿದೆ. ಹಿತವಚನ ಹೇಳಿದೆ ಎಂದೂ ಅಂದುಕೊಂಡೆ. ಲೆಕ್ಕ ಸರಳವಾಗಿತ್ತು. ಆ ತಾಯಿ ನೀರಿಗೆ ಬಂದರೆ ಈ ಗಂಡಹೆಂಡತಿ ಏರಿಗೆ ಹೋಗುತ್ತಾರೆ. ಆ ತಾಯಿ ಬಾರದಿದ್ದರೆ ಇವರು ನೀರಿನಲ್ಲೇ ಉಳಿಯುತ್ತಾರೆ. ಯಾರದೋ ಮನೆಯವರಿಗಾಗಿ ನಮ್ಮವನೊಬ್ಬ ಕೈಗೆ ಬಂದ ತುತ್ತನ್ನು ಚೆಲ್ಲಲಿ ಎಂದು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಶ್ರಾವಣದ ಮೊದಲ ವಾರ ನರ್ಮದಾ ಟ್ಯಾಕ್ಸಿಯಲ್ಲಿ ಬಂದಿಳಿದರು. ಎರಡು ಮಾಸ್ಕು, ಕೈಯಲ್ಲಿ ಸ್ಯಾನಿಟೈಸರ್, ಚೀಲದಲ್ಲಿ ಅರಿಶಿನ ಕುಂಕುಮ. ಜಾಗವನ್ನು ಅವರು ಇನ್ನೂ ಕಣ್ಣಾರೆ ನೋಡಿರಲಿಲ್ಲ. ಪತ್ರ ಮುಗಿಸಿಕೊಂಡು ನೇರ ಅಲ್ಲಿಗೆ ಹೋಗಿ ಪೂಜೆ ಮಾಡಬೇಕು ಎಂದು ಸಿದ್ಧವಾಗಿ ಬಂದಿದ್ದರು. ಲೋಕೇಶ್ ಕಚೇರಿಯ ಬಾಗಿಲ ಬಳಿ ಫೋನಿನಲ್ಲಿದ್ದ. ಕೆಂಪಣ್ಣ ಸಾಕ್ಷಿ ಹಾಕಲು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ.

ಸಹಿಗೆ ಮೊದಲು ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ನಾನು ಇಟ್ಟುಕೊಂಡ ಪದ್ಧತಿ. ಅದರಲ್ಲೂ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ನಿಧಾನವಾಗಿ ಓದುತ್ತೇನೆ. "ಪೂರ್ವಕ್ಕೆ, ಉದ್ಯಾನವನಕ್ಕೆ ಬಿಟ್ಟ ಜಾಗ. ಪಶ್ಚಿಮಕ್ಕೆ, ಮೂವತ್ತು ಅಡಿ ರಸ್ತೆ. ಉತ್ತರಕ್ಕೆ, ಸೈಟ್ ನಂಬರ್ ಇಪ್ಪತ್ತೆಂಟು. ದಕ್ಷಿಣಕ್ಕೆ, ಸೈಟ್ ನಂಬರ್ ಇಪ್ಪತ್ತಾರು."

"ಉದ್ಯಾನವನ ಅನ್ನಬಾರದು" ಎಂದರು ನರ್ಮದಾ. "ಉದ್ಯಾನ ಅಂದ್ರೇನೇ ವನ. ಎರಡು ಸಲ ಯಾಕೆ? ಉದ್ಯಾನ ಅಂತ ಮಾಡಿ."

ಇಪ್ಪತ್ತಾರು ವರ್ಷದಲ್ಲಿ ನನ್ನ ಕನ್ನಡ ತಿದ್ದಿದ ಮೊದಲ ಗಿರಾಕಿ ಅವರು. ತಿದ್ದಿದೆ. ಅವರು ಮೊದಲ ಬಾರಿಗೆ ಸ್ವಲ್ಪ ನಕ್ಕರು, ಕಣ್ಣಿನಲ್ಲಿ ಕಂಡಿತು. ಆಮೇಲೆ ಕೆಂಪಣ್ಣನ ಕಡೆ ತಿರುಗಿ ಕೇಳಿದರು:

"ಈ ನಂಬರುಗಳನ್ನ ಕೇಳಿ ಕೇಳಿ ಸಾಕಾಯ್ತು. ಇದು ಮೊದಲು ನಿಮ್ಮದೇ ಗದ್ದೆ ಅಲ್ವಾ? ಗದ್ದೆಗೆಲ್ಲ ಒಂದೊಂದು ಹೆಸರಿರುತ್ತಲ್ಲ, ಇದಕ್ಕೆ ಏನಂತಿದ್ರಿ? ಮನೆಗೆ ಅದೇ ಹೆಸರಿಡೋಣ ಅಂತ ನನ್ನ ಆಸೆ."

ಕೆಂಪಣ್ಣ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ನನ್ನನ್ನು ನೋಡಿದ. ನಾನು ಕಂಪ್ಯೂಟರ್ ಪರದೆಯನ್ನು ನೋಡಿದೆ.

"ತೆಪ್ಪದ ಗದ್ದೆ" ಎಂದ.

ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿದೆ ಎಂದು 'ತೆಪ್ಪ ನಿಲಯ' ಅಂತ ಬೋರ್ಡು ಬರೆಸಿಬಿಡುತ್ತಿದ್ದರು. ಇವರು ಮೂವತ್ತು ವರ್ಷ ಮಕ್ಕಳಿಗೆ ಪದದ ಅರ್ಥ ಕೇಳಿದವರು.

"ಗದ್ದೆಯಲ್ಲಿ ತೆಪ್ಪಕ್ಕೇನು ಕೆಲಸ?"

ಕೆಂಪಣ್ಣ ನಿಧಾನವಾಗಿ ಹೇಳಿದ. "ಮಳೆಗಾಲದಲ್ಲಿ ಹೊಳೆ ದಾಟಕ್ಕೆ ನಮ್ಮಪ್ಪನ ಹತ್ರ ಒಂದು ಬಿದಿರಿನ ತೆಪ್ಪ ಇತ್ತು. ಹೊಳೇಲಿ ಕಟ್ಟಿದ್ರೆ ಸೆಳವಿಗೆ ಹೋಗ್ತೈತೆ ಅಂತ ಅದನ್ನ ಈ ಗದ್ದೇಲೇ ಕಟ್ಟೋದು. ಒಂದು ಹೊಂಗೆ ಮರ ಇತ್ತು, ಅದಕ್ಕೆ. ಶ್ರಾವಣದಲ್ಲಿ ಅಲ್ಲಿಂದ್ಲೇ ತೆಪ್ಪ ಏರೋದು."

ಅಷ್ಟರಲ್ಲಿ ಲೋಕೇಶ್ ಫೋನು ಇಟ್ಟು ಮೇಜಿನ ಬಳಿಗೆ ಬಂದಿದ್ದ. "ಅಯ್ಯೋ ಅದೆಲ್ಲ ಹಳೇ ಕಾಲದ ಕತೆ ಮೇಡಂ" ಎಂದ. "ಈಗ ಎರಡಡಿ ಮಣ್ಣು ತುಂಬ್ಸಿ ಫುಲ್ ಲೆವೆಲ್ ಮಾಡಿದೀವಿ. ಟೋಕನ್ ಕರೀತಿದ್ದಾರೆ, ಬನ್ನಿ."

ನರ್ಮದಾ ಏಳಲಿಲ್ಲ. ಕೆಂಪಣ್ಣನನ್ನೇ ನೋಡುತ್ತಾ ಕೇಳಿದರು, "ಈಚೆಗೆ?"

"ಹದಿನೆಂಟರಲ್ಲಿ ಸೊಂಟದಷ್ಟು. ಹತ್ತೊಂಬತ್ತರಲ್ಲಿ ಇಲ್ಲಿಗೆ." ಎದೆಗೆ ಕೈ ಇಟ್ಟು ತೋರಿಸಿದ. "ಮಣ್ಣು ತುಂಬಿದ್ದು ನಿಜವೇ ತಾಯಿ. ಆದ್ರೂ ನೀರು ಬತ್ತೈತೆ. ನನ್ನ ಮನೆ ಅಲ್ಲೇ ಇರೋದು, ಬನ್ನಿ ಗೋಡೆ ತೋರಿಸ್ತೀನಿ."

ನರ್ಮದಾ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡರು. ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಅವರ ಮುಖದಲ್ಲಿದ್ದದ್ದು ಎರಡನೆಯ ಬಾರಿ ಗಂಡನನ್ನು ಕಳೆದುಕೊಂಡ ದುಃಖ.

"ಅವರು ದಿಕ್ಕು ಕೇಳಿದ್ರು. ಹೆಸರು ಕೇಳಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಶಾಲೆಯಲ್ಲಿ ಹುಡುಗನನ್ನು ಕೇಳುವ ದನಿಯಲ್ಲಿ, "ನಿಮಗೂ ಗೊತ್ತಿತ್ತಾ?" ಎಂದರು.

"ನಾನು ಬರೆಯೋನು ಮೇಡಂ" ಎಂದೆ.

"ಹೌದು. ಬರೆದಿದ್ದೀರಿ" ಎಂದು ಪರ್ಸು ತೆಗೆದು ನನ್ನ ಬರವಣಿಗೆಯ ಫೀಸನ್ನು ಮೇಜಿನ ಮೇಲಿಟ್ಟರು. ಬೇಡ ಎನ್ನಬಹುದಿತ್ತು. ನಾನು ತೆಗೆದುಕೊಂಡೆ.

ಅವರು ಹೋದ ಮೇಲೆ ಲೋಕೇಶ್ ಕೆಂಪಣ್ಣನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಉಂಡ ಮನೆಗೆ ಎರಡು ಬಗೆಯುವವನು ಎಂಬುದು ಅದರಲ್ಲಿ ಅತ್ಯಂತ ಮೃದುವಾದ ಮಾತು. ಹತ್ತು ಎಂದರೆ ಹತ್ತು, ಒಂಬತ್ತಕ್ಕೆ ಏನೂ ಇಲ್ಲ ಎಂದು ಹೇಳಿ ಕಾರು ಹತ್ತಿದ. ಬಾಯಿಮಾತಿನ ವ್ಯವಹಾರ, ಕೇಳುವುದಕ್ಕೆ ಕಾಗದವಿಲ್ಲ. ಊರಿಗೆಲ್ಲ ಕಾಗದ ಬರೆದುಕೊಡುವ ನನಗೆ ಸ್ನೇಹಿತನಿಗೆ ಒಂದು ಕಾಗದ ಮಾಡಿಸಬೇಕು ಎಂದು ತೋಚಿರಲಿಲ್ಲ. ದೀಪಾವಳಿ ಬಂತು, ಹೋಯಿತು. ಏರಿನ ಜಾಗದವರು ಮುಂಗಡದಲ್ಲಿ ಅರ್ಧ ಹಿಂದಿರುಗಿಸಿ ಬೇರೆಯವರಿಗೆ ಮಾರಿದರು.

ಸೈಟ್ ನಂಬರ್ ಇಪ್ಪತ್ತೇಳೂ ಹಾಗೇ ಉಳಿಯಲಿಲ್ಲ. ಎರಡೇ ತಿಂಗಳಿಗೆ, ಲೋಕೇಶ್ ತಾನೇ ತೋರಿಸಿದ ಮೇಲೆ, ಬೆಂಗಳೂರಿನ ಗಿರಾಕಿಯೊಬ್ಬರು ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟರು. ಪತ್ರ ನನ್ನ ಬಳಿಗೇ ಬಂತು. ಈ ಸಲ ನಾನು ಗಂಟಲು ಸರಿಮಾಡಿಕೊಂಡು, "ಸಾರ್, ಈ ಜಾಗಕ್ಕೆ ಹಿಂದೆ ತೆಪ್ಪದ ಗದ್ದೆ ಅಂತಿದ್ರು" ಎಂದೆ. ಅಷ್ಟು ಹೇಳಿದರೆ ಸಾಕು, ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅವರಿಗೆ ಬಹಳ ಸಂತೋಷವಾಯಿತು. "ವಾಹ್, ಎಷ್ಟು ಸೂಪರ್ ಹೆಸರು" ಎಂದು ಬರೆದುಕೊಂಡರು. ಈಗ ಅಲ್ಲಿ ರೆಡಿಮೇಡ್ ಕಾಟೇಜೊಂದು ನಿಂತಿದೆ, ಗೇಟಿನ ಮೇಲೆ ಮರದ ಬೋರ್ಡಿನಲ್ಲಿ 'ತೆಪ್ಪ' ಎಂದು ಬರೆದಿದೆ. ಮಾತನ್ನು ಮುಂದಕ್ಕೆ ಬಿಡಿಸಿ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೈ ತೊಳೆದುಕೊಂಡೆ.

ನರ್ಮದಾ ಅವರು ಹಣವನ್ನು ಪೋಸ್ಟ್ ಆಫೀಸಿನಲ್ಲಿ ಇಟ್ಟು, ಬರೆಯಿಲ್ಲದ ಬೀದಿಯಲ್ಲಿ ಬಾಡಿಗೆಗೆ ಹೋದರು. ಕೆಂಪಣ್ಣನಿಗೆ ಒಮ್ಮೊಮ್ಮೆ ಫೋನು ಮಾಡುತ್ತಿದ್ದರಂತೆ. "ಬಡ್ಡಿ ಕಡಿಮೆ, ನಿದ್ದೆ ಜಾಸ್ತಿ" ಎಂದಿದ್ದರಂತೆ ಒಂದು ಸಲ. ಆ ಸೈಟಿನ ಬೆಲೆ ಏರಿದ ಸುದ್ದಿ ಅವರಿಗೆ ಗೊತ್ತಿತ್ತೋ ಇಲ್ಲವೋ. ಲೇಔಟಿನವರು ಮಾತ್ರ ಕೆಂಪಣ್ಣನನ್ನು ನೋಡಿ ನಗುತ್ತಿದ್ದರು. ಅವನ ಮಾತು ಕೇಳಿ ಆ ಟೀಚರು ಲಕ್ಷ ಲಕ್ಷ ಕಳೆದುಕೊಂಡರು ಎಂದು.

ಮರುವರ್ಷದ ಮಳೆಗಾಲದಲ್ಲಿ ಹೊಳೆ ಮತ್ತೆ ಒಳಗೆ ಬಂತು. ಹತ್ತೊಂಬತ್ತರಷ್ಟಲ್ಲ, ಕೆಂಪಣ್ಣನ ಮನೆಯಲ್ಲಿ ಮೊಣಕಾಲು ಮುಳುಗುವಷ್ಟು. ಗಂಡಹೆಂಡತಿ ಮತ್ತೆ ಶಾಲೆಯ ಪರಿಹಾರ ಕೇಂದ್ರಕ್ಕೆ ಬಂದಿದ್ದಾರೆಂದು ತಿಳಿದು, ಎರಡು ಕಂಬಳಿ, ಒಂದಿಷ್ಟು ಬ್ರೆಡ್ಡು ತೆಗೆದುಕೊಂಡು ಹೋದೆ. ಏಳನೇ ತರಗತಿಯ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಕಾಮಾಕ್ಷಮ್ಮ ನನಗೆ ಕೂರಲು ಬೆಂಚು ಎಳೆದು ಕೊಟ್ಟರು.

ಒಂದು ವರ್ಷದಿಂದ ನನ್ನೊಳಗೆ ಕೂತಿದ್ದ ಮಾತು ಅಲ್ಲಿ ಬಾಯಿಗೆ ಬಂತು. ಹೇಳಬಾರದ ಕಡೆ ಹೇಳುವುದೂ ಒಂದು ಚಾಳಿ. ಹೇಳಬೇಕಾದ ಕಡೆ ಸುಮ್ಮನಿದ್ದವರಿಗೆ ಅದು ಬೇಗ ಅಂಟಿಕೊಳ್ಳುತ್ತದೆ. ಸುತ್ತ ಇದ್ದವರಿಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ:

"ನೋಡಿ ಅಮ್ಮಾ, ಊರವರು ಏನಾದ್ರೂ ಅನ್ನಲಿ, ನಿಮ್ಮ ಯಜಮಾನರು ದೊಡ್ಡ ಮನುಷ್ಯ. ಹೋದ ಶ್ರಾವಣದಲ್ಲಿ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಇವತ್ತು ನೀವು ಏರಿನ ಮೇಲೆ ಸ್ವಂತ ಮನೇಲಿ ಇರ್ತಿದ್ರಿ. ಆ ಟೀಚರು ಈ ಚಾಪೆ ಮೇಲೆ ಇರ್ತಿದ್ರು. ಜಾಗ ಹೋದ್ರೂ ಪರವಾಗಿಲ್ಲ ಅಂತ ನಿಜ ಹೇಳಿದ್ರಲ್ಲ, ನಮ್ಮಿಂದ ಆಗುತ್ತಾ?"

ಕೆಂಪಣ್ಣ ನನ್ನ ಕಡೆ ನೋಡಿದ ನೋಟಕ್ಕೆ ನಾನು ಅಲ್ಲೇ ನಿಲ್ಲಿಸಿದೆ. ತಡವಾಗಿತ್ತು.

ಕಾಮಾಕ್ಷಮ್ಮ ಬ್ರೆಡ್ಡಿನ ಪೊಟ್ಟಣವನ್ನು ನೆಲಕ್ಕಿಟ್ಟು ಗಂಡನ ಕಡೆ ತಿರುಗಿದರು. "ಏರಿನ ಜಾಗ ಹೋಯ್ತಾ?"

"ಹೋಯ್ತು."

"ಯಾವಾಗ?"

"ಹೋದ ದೀಪಾವಳಿಗೆ."

"ಲೋಕೇಶಪ್ಪ ಇನ್ನೂ ದುಡ್ಡು ಕೊಟ್ಟಿಲ್ಲ, ಕೊಟ್ಟ ಮೇಲೆ ಹೋಗನ ಅಂತ ನಾನು ಕಾಯ್ತಾನೇ ಇದ್ನಲ್ಲ" ಎಂದರು. ದನಿ ಏರಲಿಲ್ಲ. "ಒಲೆ ಯಾವ ಮೂಲೇಲಿ ಇಡನ ಅಂತ ಹರ್ಷಿತಾನ ಹತ್ರ ಫೋನ್‌ನಾಗೆ ಹೇಳ್ತಿದ್ದೆ. ನೀವು ಪಕ್ಕದಲ್ಲೇ ಕೂತಿರ್ತಿದ್ರಿ."

ಕೆಂಪಣ್ಣ ಚಾಪೆಯ ಎಳೆ ಬಿಡಿಸುತ್ತಾ ಕೂತಿದ್ದ.

"ಆ ಟೀಚರಮ್ಮನಿಗೆ ಹೇಳಿದ್ದು ತಪ್ಪು ಅನ್ನಕ್ಕಿಲ್ಲ. ನಾನಿದ್ರೂ ಅದನ್ನೇ ಹೇಳ್ತಿದ್ದೆ" ಎಂದರು ಕಾಮಾಕ್ಷಮ್ಮ. "ಆದ್ರೆ ಕೇಳಿದ್ರೆ ಮಾತ್ರ ಹೇಳಕ್ಕೆ, ನಾನೂ ನಿಮಗೆ ಗಿರಾಕಿನೇ ಆಗೋದ್ನಾ?"

ಕೆಂಪಣ್ಣ ಎದ್ದು, ನಾನು ತಂದ ಕಂಬಳಿಯನ್ನು ಬಿಡಿಸಿ ಮೂವತ್ತೆಂಟು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯ ಕಾಲ ಮೇಲೆ ಹೊದಿಸಿದ. ಅವರು ಅದನ್ನು ಸರಿಸಿ, ಮಡಿಸಿ, ಪಕ್ಕಕ್ಕೆ ಇಟ್ಟರು.